ದೇವರ ಜಗಲಿಯ ಹಸಿರು ಬಳೆ

ಹೊಡೆತ ತಿಂದ ಕೈಗೆ ಬಳೆ ತೊಡಿಸಿದವಳು ನಾನು. ಆ ಕೈ ಏನು ಹೇಳಬೇಕೆಂದು ಬಂದಿತ್ತೋ ಅದನ್ನು ಹೇಳಗೊಡಲಿಲ್ಲ — ಗೊತ್ತಿದ್ದೂ ಹೇಳಗೊಡಲಿಲ್ಲ.

ನಯಾ ಪೈಸೆ ಬಂದಿದ್ದರೂ ಸಂತೆಯಲ್ಲಿ ಇನ್ನೂ ಆಣೆಯ ಮಾತೇ ನಡೆಯುತ್ತಿದ್ದ ಕಾಲ. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ನಮ್ಮ ಮನೆಗೂ ಗಂಗವ್ವನ ಮನೆಗೂ ನಡುವೆ ಒಂದೇ ಗೋಡೆ. ಗಂಗವ್ವ ನನಗಿಂತ ಚಿಕ್ಕವಳು, ಶಿರಗುಪ್ಪಿಯಿಂದ ಮದುವೆಯಾಗಿ ಬಂದವಳು. ರೊಟ್ಟಿ ಬಡಿಯುವಾಗ ನಿಂತು ನೋಡಬೇಕು, ಅಂಥ ಕೈ. ಅವಳ ಗಂಡನದು ಹತ್ತಿಯ ಅಡತಿ ಅಂಗಡಿ, ದಲಾಲಿಯ ವ್ಯಾಪಾರ. ಅದೇ ಅಂಗಡಿಯಲ್ಲಿ ನಮ್ಮ ಮನೆಯವರು ಗುಮಾಸ್ತರು.

ಅವನು ಹೊಡೆಯುತ್ತಿದ್ದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆ ಸದ್ದು ಶುರುವಾದರೆ ನಾನು ದೇವರ ಜಗಲಿಯ ಮುಂದೆ ಕೂತು ಪೂಜೆಯ ಗಂಟೆಯನ್ನು ಸ್ವಲ್ಪ ಜೋರಾಗಿ ಬಾರಿಸುತ್ತಿದ್ದೆ. ಓಣಿಗೆ ಕೇಳದಿರಲಿ, ಅವಳ ಮಾನ ಉಳಿಯಲಿ ಎಂದು — ಹಾಗಂದುಕೊಂಡಿದ್ದೆ. ಶಿವ ಕೊಟ್ಟ ಸಣ್ಣಪುಟ್ಟ ಸುಖಗಳನ್ನು ಎಣಿಸಿ ಕೈ ಮುಗಿಯುವುದು ನನ್ನ ರೂಢಿ. ನಳದಲ್ಲಿ ನೀರು ಬಂತು, ಹಾಲು ಒಡೆಯಲಿಲ್ಲ, ಕೂಸಿನ ಜ್ವರ ಇಳಿಯಿತು. ಅದರ ಜೊತೆಗೆ ಇದನ್ನೂ ಸೇರಿಸುತ್ತಿದ್ದೆ: ನಮ್ಮವರು ನನ್ನ ಮೇಲೆ ಕೈ ಎತ್ತುವವರಲ್ಲ. ಗೋಡೆಯಾಚೆಯ ಸದ್ದು ಕೇಳುತ್ತಲೇ ಎಣಿಸುತ್ತಿದ್ದೆ...

ಒಮ್ಮೆ ಧಾರವಾಡದಲ್ಲಿ ಓದುವ ಹುಡುಗಿಯೊಬ್ಬಳು ಓಣಿಗೆ ಬಂದಳು. ಈಗಿನ ಕಾಲದಲ್ಲಿ ಮನೆಯೊಳಗೆ, ಬೀದಿಯಲ್ಲಿ ಯಾರು ಯಾರನ್ನು ಹೊಡೆಯುತ್ತಾರೆ, ಯಾಕೆ ಹೊಡೆಯುತ್ತಾರೆ — ಮನೆ ಮನೆಗೆ ಹೋಗಿ ಅದನ್ನು ಕೇಳಿ ಬರೆಯುವುದೇ ಅವಳ ಓದಂತೆ. ಕಟ್ಟೆಯ ಮೇಲೆ ಕೂತಿದ್ದ ಎದುರುಮನೆಯ ಮುದುಕಿ, "ಹೊಡ್ಯೂದನ್ನೂ ಸಾಲ್ಯಾಗ ಕಲಸ್ತಾರೇನ ಯವ್ವಾ? ನಮ್ಮ ಗಂಡಸರು ಸಾಲಿಗಿ ಹೋಗದನ ಪಾಸಾಗ್ಯಾರ!" ಅಂದಳು. ನಾವೆಲ್ಲ ನಕ್ಕೆವು. ಗಂಗವ್ವ ನಗಲಿಲ್ಲ.

"ನಾಳಿ ನಿಮ್ಮ ಮನಿಗೇ ಮೊದಲ ಬರ್ತೇನ್ರಿ ಅಕ್ಕಾರ," ಎಂದು ಹುಡುಗಿ ನನಗೆ ಹೇಳಿ ಹೋದಳು.

ಮರುದಿನ ಅವಳು ಬರುವುದಕ್ಕಿಂತ ಮುಂಚೆ ಗಂಗವ್ವ ನಮ್ಮ ಹಿತ್ತಲ ಬಾಗಿಲಿನಿಂದ ಬಂದು ಪಡಸಾಲೆಯಲ್ಲಿ ಕೂತಳು. ಬಲಗೈಯಲ್ಲಿ ಒಂದೂ ಬಳೆಯಿಲ್ಲ. ಮಣಿಕಟ್ಟು ಬಾತು ನೀಲಿಗಟ್ಟಿತ್ತು. ಒಡೆದ ಗಾಜು ಗೀರಿದ ಗಾಯ ಇನ್ನೂ ಹಸಿ. ಯಾವಾಗಲೂ ಸೆರಗಿನಲ್ಲಿ ಮುಚ್ಚಿಕೊಳ್ಳುವವಳು ಅಂದು ಆ ಕೈಯನ್ನು ತೊಡೆಯ ಮೇಲೆ ಕಾಣುವಂತೆ ಇಟ್ಟುಕೊಂಡಿದ್ದಳು.

ನಾನು ಜಗಲಿಗೆ ಹೋಗಿ, ಉಡಿ ತುಂಬಲೆಂದು ದೇವರ ಮುಂದೆ ಇಟ್ಟಿದ್ದ ಹಸಿರು ಬಳೆಗಳನ್ನು ತಂದೆ.

"ಬ್ಯಾಡ್ರಿ ಅಕ್ಕಾ. ಹಿಂಗ ಇರ್ಲಿ. ಆ ಹುಡುಗಿ ನೋಡ್ಲಿ."

"ಮುತ್ತೈದಿ ಬರಿಗೈಲೆ ಕುಂದರಬಾರದವಾ, ಗಂಗವ್ವಾ."

ಅವಳ ಬಾಯಿ ಕಟ್ಟಿದ್ದು ಇದೇ ಮಾತು. ಆಡಿ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಸವರಿ ಒಂದೊಂದೇ ಬಳೆ ಏರಿಸಿದೆ — ಮೆತ್ತಗೆ, ಹೆತ್ತ ಮಗಳಿಗೆ ತೊಡಿಸಿದ ಹಾಗೆ. ಅವಳು ತುಟಿ ಕಚ್ಚಿಕೊಂಡು ಕೂತಿದ್ದಳು. ಮುಂಗೈ ತುಂಬಿತು. ನೀಲಿ ಮುಚ್ಚಿಹೋಯಿತು.

ಹುಡುಗಿ ಬಂದಳು, ಕೇಳಿದಳು. ಗಂಗವ್ವ ಬಾಯಿ ತೆರೆಯುವಷ್ಟರಲ್ಲಿ ನಾನೇ, "ನಮ್ಮ ಓಣ್ಯಾಗ ಅಂಥಾದ್ದೇನಿಲ್ಲ ತಂಗಿ. ಚಾ ತಣ್ಣಗಾಕ್ಕೈತಿ, ಕುಡಿ," ಅಂದುಬಿಟ್ಟೆ. ಹುಡುಗಿ ಗಂಗವ್ವನ ಕಡೆ ತಿರುಗಿದಳು. ಕೈ ನೋಡಿದಳು. ಅವಳ ಮುಖ ಅರಳಿತು.

"ಬಳಿ ಭಾಳ ಛಂದ ಅದಾವ್ರಿ!"

ಗಂಗವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಬರಿಗೈ ಅಶುಭವೆಂದು ತೊಡಿಸಿದೆ — ಬಹಳ ವರ್ಷ ನನಗೆ ನಾನೇ ಹೀಗೆ ಹೇಳಿಕೊಂಡೆ. ಅಲ್ಲ. ಅವಳು ನಮ್ಮ ಮನೆಯಲ್ಲಿ ಕೂತು ಹೇಳಿದಳೆಂದು ಅವಳ ಗಂಡನಿಗೆ ತಿಳಿದರೆ ನಮ್ಮವರ ಕೆಲಸ ಹೋಗುತ್ತದೆ, ಎಂದು ಎಣ್ಣೆ ಸವರುತ್ತಿದ್ದಾಗಲೇ ಯೋಚಿಸಿದ್ದೆ. ನನ್ನ ಅಂಜಿಕೆಗೆ ದೇವರನ್ನು ಮುಂದೆ ಮಾಡಿದೆ.

ಆ ವಾರವೇ ಗೋಡೆಯಾಚೆ ಗಾಜು ಒಡೆದ ಸದ್ದು ಕೇಳಿತು. ಗಂಟೆ ನನ್ನ ಕೈಯಲ್ಲೇ ಉಳಿಯಿತು, ಬಾರಿಸಲು ಆಗಲಿಲ್ಲ. ಎದ್ದು ಹೋಗಿ ಅವರ ಬಾಗಿಲು ಬಡಿದೆನೇ — ಅದೂ ಇಲ್ಲ. ಬೆಳಿಗ್ಗೆ ಗಂಗವ್ವ ಬಂದು ತಲೆ ತಗ್ಗಿಸಿ ನಿಂತಳು.

"ತಪ್ಪಾತ್ರಿ ಅಕ್ಕಾ. ನಿಮ್ಮ ದೇವರ ಬಳಿ ಉಳೀಲಿಲ್ಲ."

ತಪ್ಪಾಯಿತೆಂದು ಅವಳು ಹೇಳಿದಳು. ನನಗೆ.

ಮುಂದೆ ಕೆಲವು ವರ್ಷಕ್ಕೆ ಅವಳ ಅಣ್ಣ ಬಂದು ಶಿರಗುಪ್ಪಿಗೆ ಕರೆದುಕೊಂಡು ಹೋದ. ಅಲ್ಲಿಂದ ಜೋಳ ಹಾಲುಗಾಳಾದಾಗ ಸುಟ್ಟು ತಿನ್ನಲೆಂದು ನನಗೆ ಸೀತನಿ ತೆನೆ ಕಳಿಸುತ್ತಾಳೆ. ಪ್ರತಿ ಸಲವೂ ಅದನ್ನು ಶಿವನ ಕೃಪೆಯಲ್ಲಿ ಎಣಿಸುತ್ತೇನೆ. ಪ್ರತಿ ಸಲವೂ ಎಣಿಕೆ ಅಲ್ಲಿಗೇ ನಿಂತುಬಿಡುತ್ತದೆ.

ಇದನ್ನು ಅಚ್ಚಿಗೆ ಕಳಿಸುವ ಮೊದಲು ಶಿರಗುಪ್ಪಿಗೆ ಹೋಗಿ ಅವಳ ಮುಂದೆ ಓದಿದೆ — ಅವಳ ಬದಲಿಗೆ ಇನ್ನೊಮ್ಮೆ ನಾನೇ ಮಾತಾಡಬಾರದೆಂದು. ಶೇಂಗಾ ಸುಲಿಯುತ್ತ ಪೂರ್ತಿ ಕೇಳಿದಳು. "ಹೆಸರ ಬ್ಯಾರೆ ಹಾಕ್ರಿ ಅಕ್ಕಾ. ಉಳದದ್ದು ಹಂಗ ಇರ್ಲಿ," ಅಂದಳು. ಕ್ಷಮಿಸಿದೆ ಅನ್ನಲಿಲ್ಲ. ನಾನು ಕೇಳಲೂ ಇಲ್ಲ.

ಧಾರವಾಡದ ಆ ಹುಡುಗಿಯ ಬರಹದಲ್ಲಿ ನಮ್ಮ ಓಣಿ ಶಾಂತವಾಗಿಯೇ ಉಳಿದಿರಬೇಕು. ತಂಗಿ, ಈಗ ನೀನು ಎಲ್ಲಿದ್ದೀಯೋ — ಅಂದು ನೀನು ಕೇಳಿದ್ದಕ್ಕೆ ಉತ್ತರ ಇದು. ಹೌದು, ಹೊಡೆಯುತ್ತಿದ್ದ. ನನಗೆ ಕೇಳಿಸುತ್ತಿತ್ತು. ನೀನು ಛಂದ ಅಂದ ಬಳೆ ನಾನು ತೊಡಿಸಿದ್ದು.