ಎರಡು ಟ್ರಿಪ್ ಖಡಿ

ಅಜ್ಜಿಯ ಎಡಗಾಲಿನ ಚಪ್ಪಲಿ ಅಂಗಳದ ಕೆಸರಿನಲ್ಲಿ ಮೂರೂವರೆ ಅಂಗುಲ ಇಳಿದಿತ್ತು. ಕಿತ್ತು ತೆಗೆಯುವ ಮೊದಲು ನಾನು ಪಟ್ಟಿ ಹಿಡಿದು ಅಳೆದೆ. ಅಷ್ಟರಲ್ಲಿ ಅಪ್ಪ ಅಜ್ಜಿಯನ್ನು ಎತ್ತಿ ತಂದು ಕಟ್ಟೆಯ ಮೇಲೆ ಕೂರಿಸಿದ್ದರು. ಪೆಟ್ಟಾಗಿರಲಿಲ್ಲ, ಸೀರೆ ಮಾತ್ರ ಸೊಂಟದವರೆಗೆ ಕಪ್ಪಾಗಿತ್ತು.

"ನಾ ಬಿದ್ದೀನಿ, ಈಕಿ ನೋಡು ಚಪ್ಪಲಿ ಅಳಿಯಾಕತ್ಯಾಳ" ಎಂದಳು ಅಜ್ಜಿ.

ಸಿಂಧನೂರಿನ ಹೊರಗಿರುವ ಈ ಬಡಾವಣೆ ಮೂರು ವರ್ಷದ ಹಿಂದೆ ಭತ್ತದ ಗದ್ದೆಯಾಗಿತ್ತು. ಮೇಲೆ ಮನೆ ಕಟ್ಟಿದ್ದೇವೆ ಎಂಬುದನ್ನು ಮಣ್ಣು ಇನ್ನೂ ಒಪ್ಪಿಕೊಂಡಿಲ್ಲ. ಒಂದು ಮಳೆ ಬಿದ್ದರೆ ಸಾಕು, ನಾಟಿಗೆ ತಯಾರಾಗಿ ನಿಲ್ಲುತ್ತದೆ. ಅಂಗಳದ ಆ ತುದಿಗೆ ಒಂದು ಬಿಲ್ವಪತ್ರಿ ಗಿಡವಿದೆ, ಮೆಟ್ಟಿಲಿನಿಂದ ಸರಿಯಾಗಿ ಮೂವತ್ತೆರಡು ಅಡಿ. ಪೂಜೆಯ ಪತ್ರಿಯನ್ನು ಅಜ್ಜಿ ದಿನಾ ಬೆಳಿಗ್ಗೆ ತಾನೇ ಹೋಗಿ ಹರಿದು ತರುತ್ತಿದ್ದಳು. ಬಿದ್ದ ದಿನದಿಂದ ಅಪ್ಪ ಅವಳನ್ನು ಕಟ್ಟೆಯಿಂದ ಕೆಳಗೆ ಇಳಿಯಗೊಡಲಿಲ್ಲ. ತಾವೇ ಪತ್ರಿ ತಂದುಕೊಡತೊಡಗಿದರು. ತೂತು ಬಿದ್ದದ್ದು, ಎರಡೇ ಎಲೆಯದ್ದು, ಹುಳ ಕೂತದ್ದು, ಎಲ್ಲ ಸೇರಿಸಿ ಒಂದು ಹಿಡಿ.

"ಏನಲೇ ತಮ್ಮಾ, ಶಿವಗ ಏರಸಾಕ ತಂದೀಯೋ, ಆಡಿಗೆ ಹಾಕಾಕ ತಂದೀಯೋ?"

"ಪತ್ರಿ ಪತ್ರೀನೇ ಯವ್ವಾ."

"ಹಂಗಾದ್ರ ಪೂಜಿನೂ ನೀನ ಮಾಡು."

ಈ ಜಗಳ ವಾರಗಟ್ಟಲೆ ನಡೆದ ಮೇಲೆ ಅಪ್ಪ ಸೋತರು. ಅಂಗಳಕ್ಕೆ ಸಣ್ಣ ಖಡಿ ಹಾಕಿಸುವುದು, ಕಾಲು ಜಾರದಂತಾದರೆ ಅಜ್ಜಿ ಮತ್ತೆ ಗಿಡದವರೆಗೆ ಹೋಗಬಹುದು ಎಂದು ತೀರ್ಮಾನವಾಯಿತು. ಖಡಿ ಎಂದರೆ ಒಡೆದ ಕಲ್ಲು, ಜಲ್ಲಿ. ಮಸ್ಕಿ ಕಡೆಯ ಗುಡ್ಡದಿಂದ ಬಂದದ್ದನ್ನು ಊರ ಹೊರಗೆ ರಾಶಿ ಹಾಕಿ ಟ್ರ್ಯಾಕ್ಟರಿನಲ್ಲಿ ಮನೆಗೆ ಮುಟ್ಟಿಸುತ್ತಾರೆ.

ಎಷ್ಟು ಬೇಕು ಎಂಬುದೇ ಪ್ರಶ್ನೆ. ನಮ್ಮ ಜೊತೆಗೇ ಇರುವ ಕಾಕಾ ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುವವರು. ಭತ್ತದ ರಾಶಿಯನ್ನು ಒಂದು ಸುತ್ತು ಹಾಕಿ ಇಷ್ಟು ಚೀಲ ಎಂದರೆ ಅಷ್ಟೇ ಆಗುತ್ತದೆ, ಹೆಚ್ಚೆಂದರೆ ಒಂದು ಚೀಲ ಆಚೀಚೆ. ಅಂಗಳವನ್ನೂ ಹಾಗೆಯೇ ಒಂದು ಸುತ್ತು ಹಾಕಿದರು, ಕಣ್ಣು ಸಣ್ಣ ಮಾಡಿದರು. "ನಾಕು ಟ್ರಿಪ್" ಎಂದರು.

ನಾನು ಲಿಂಗಸುಗೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಮನೆಯಲ್ಲಿ ಯಾರೂ ಆವರೆಗೆ ಅದರಿಂದ ಉಪಯೋಗ ಪಡೆದಿರಲಿಲ್ಲ. ಟೇಪು ಹಿಡಿದು ಅಳೆದೆ: ನಲವತ್ತು ಅಡಿ ಉದ್ದ, ಇಪ್ಪತ್ತೈದು ಅಡಿ ಅಗಲ. ಎರಡು ಅಂಗುಲ ದಪ್ಪ ಸಾಕು. ನೂರ ಅರವತ್ತೇಳು ಘನ ಅಡಿ. ಒಂದು ಟ್ರ್ಯಾಲಿಗೆ ಸುಮಾರು ನೂರು ಹಿಡಿಯುತ್ತದೆ. ಎರಡು ಟ್ರಿಪ್ ತರಿಸಿದರೆ ಎರೆ ಮಣ್ಣು ನುಂಗುವ ಪಾಲೂ ಅದರಲ್ಲೇ ಬಂತು.

"ಎರಡು" ಎಂದೆ.

"ಎರಡಾ?" ಕಾಕಾ ನಕ್ಕರು. "ಎರಡು ಟ್ರಿಪ್ ಈ ನೆಲದ ಹಲ್ಲಿನ ಸಂದಿಗೂ ಸಾಲಂಗಿಲ್ಲ ಮಗಳ."

ಅಪ್ಪನಿಗೆ ತಮ್ಮನ ನಗು ತಾಗಿತು. "ಎಮ್ಮೆಸ್ಸಿ ಓದ್ಯಾಳ ನನ ಮಗಳು. ಎರಡು ಅಂದ್ರ ಎರಡು. ಒಂದು ಹಳ್ಳು ಹೆಚ್ಚಿಗಿ ತರಸಂಗಿಲ್ಲ, ತಿಳೀತಾ?"

ನನ್ನ ಮೇಲೆ ಇಷ್ಟು ನಂಬಿಕೆಯನ್ನು ಅಪ್ಪ ಎಂದೂ ಬಾಯಿ ಬಿಟ್ಟು ಆಡಿರಲಿಲ್ಲ. ಸಂತೋಷವಾಯಿತು. ಮರುಕ್ಷಣವೇ ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡಿ ನೋಡಿದೆ. ಗುರುವಾರ ಗೇಟಿನ ಕಂಬ ನಿಲ್ಲಿಸುವವರಿದ್ದರು. ಆಮೇಲೆ ಟ್ರ್ಯಾಕ್ಟರ್ ಒಳಗೆ ಬರುವುದಿಲ್ಲ. ಬುಧವಾರ ಬಿದ್ದಷ್ಟೇ ಖಡಿ. ಕಡಿಮೆಯಾದರೆ ಅಜ್ಜಿ ಕಟ್ಟೆಯ ಮೇಲೆಯೇ.

ನಮ್ಮ ಮನೆಯ ಒಂದು ಅಭ್ಯಾಸವನ್ನು ಇಲ್ಲಿ ಹೇಳಬೇಕು. ನಾವು ಯಾರೂ ಕೊಸರು ಕೇಳದೆ ಏನನ್ನೂ ಕೊಂಡವರಲ್ಲ. ಅಜ್ಜಿ ಬಳೆಗಾರನ ಹತ್ತಿರ ಡಜನ್ನಿನ ಮೇಲೆ ಒಂದು ಬಳೆ ಹಾಕಿಸಿಕೊಳ್ಳುತ್ತಾಳೆ. ಅಪ್ಪ ಮೊಳ ಹೂವಿಗೆ ನಾಲ್ಕು ಬೆರಳು ಹೆಚ್ಚು ಕೇಳುತ್ತಾರೆ. ನಾನು ಇಂಥ ಸಣ್ಣತನಗಳಿಂದ ಮೇಲಿದ್ದೇನೆ ಎಂದುಕೊಂಡಿದ್ದೆ.

ಬುಧವಾರ ಬೆಳಿಗ್ಗೆ ಎಂದಿನಂತೆ ಲಿಂಗಸುಗೂರಿನ ಬಸ್ಸು ಹತ್ತಿದೆ. ಅವ್ವ ಸಾಲಗುಂದದ ತವರಿಗೆ ಹೋಗಿದ್ದಳು. ಅಪ್ಪ ಅಂಗಡಿಗೆ, ಕಾಕಾ ಮಿಲ್ಲಿಗೆ ಹೊರಟರು. ಖಡಿ ಹರಡಲು ಇಬ್ಬರು ಆಳುಗಳು ಬರುವವರಿದ್ದರು, ಉಸ್ತುವಾರಿ ಅಜ್ಜಿಯದು. ಬಸ್ಸು ಮಸ್ಕಿಯಲ್ಲಿ ನಿಂತಾಗ ಹತ್ತು ನಿಮಿಷ ಬಿಡುವಿತ್ತು. ಕಿಟಕಿಯ ಆಚೆ ಯಾರದೋ ಮನೆ ಮುಂದೆ ಅರೆಬರೆ ಖಡಿ ಹಾಕಿದ್ದರು. ಅದರ ನಡುವೆ ಕರಿ ಕೆಸರು ಇಣುಕುತ್ತಿತ್ತು. ನಾನು ಪಕ್ಕದವರಿಗೆ ಕೇಳದಂತೆ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ಟ್ರ್ಯಾಕ್ಟರಿನವರಿಗೆ ಫೋನ್ ಮಾಡಿದೆ.

"ಇನ್ನೊಂದು ಟ್ರಿಪ್ ಹಾಕಿಬಿಡ್ರಿ. ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ."

"ಹೇಳಂಗಿಲ್ಲ ಬಿಡ್ರಿ ಮೇಡಮ್ಮಾರ" ಎಂದರು. ಆಮೇಲೆ ಸಣ್ಣಗೆ ನಕ್ಕರು. ಆ ನಗು ನನಗೆ ಸಂಜೆ ಆರು ಗಂಟೆಯವರೆಗೆ ಅರ್ಥವಾಗಲಿಲ್ಲ.

ಸಂಜೆ ಬಂದು ನೋಡಿದರೆ ನಮ್ಮ ಮನೆಗೆ ಒಂದು ಮೆಟ್ಟಿಲು ಕಡಿಮೆಯಾಗಿತ್ತು. ಕೆಳಗಿನ ಮೆಟ್ಟಿಲು ಪೂರ್ತಿ ಖಡಿಯೊಳಗೆ ಹೋಗಿತ್ತು. ಆಳುಗಳು ಪಾಪ, ಬಂದದ್ದನ್ನೆಲ್ಲ ನೀಟಾಗಿ ಹರಡಿ ಹೋಗಿದ್ದರು. ಅಜ್ಜಿ ಕಟ್ಟೆಯ ಮೇಲೆ ಸೆರಗು ಬಿಗಿದು ತಯಾರಾಗಿ ಕೂತಿದ್ದಳು.

"ನೀ ಬರ್ಲಿ ಅಂತ ಕಾದೀನಿ. ನೋಡೀಗ, ಗಿಡದ ತನಕ ಹೋಗಿ ಬರ್ತೀನಿ."

ಮೊದಲ ಹೆಜ್ಜೆಗೆ ಪಾದ ಮುಳುಗಿತು. ಎರಡನೆಯದಕ್ಕೆ ಕಾಲಿನ ಹರಡಿನವರೆಗೆ ಮುಳುಗಿತು. ಮೂರನೆಯದಕ್ಕೆ ಖಡಿ ಕಾಲ ಕೆಳಗಿನಿಂದ ಸರಿದು ಅಜ್ಜಿ ವಾಲಿದಳು, ನಾನು ಹಿಡಿದುಕೊಂಡೆ. ಆಗಲೇ ಅಪ್ಪ ಬಂದರು.

"ಸಾಕು ಯವ್ವಾ. ಕೆಸರಿನ್ಯಾಗರ ಮೆತ್ತಗ ಬಿದ್ದಿದ್ದಿ, ಇದರಾಗ ಬಿದ್ರ ಎಲುಬು ಉಳಿಯಂಗಿಲ್ಲ. ಇನ್ನ ಮ್ಯಾಲ ಕೆಳಗ ಇಳಿಯೋ ಮಾತ ತೆಗೀಬ್ಯಾಡ."

ಅಜ್ಜಿ ತಿರುಗಿ ಬೈಯುತ್ತಾಳೆ ಎಂದು ಕಾದೆ. ಅವಳು ಕಾಲಿಗಂಟಿದ ಹಳ್ಳು ಕೊಡವಿಕೊಂಡು ಒಳಗೆ ಹೋದಳು.

ನಾನು ಒಂದು ಕಡ್ಡಿ ತೆಗೆದುಕೊಂಡು ಹತ್ತು ಕಡೆ ಊರಿದೆ. ಸರಾಸರಿ ಏಳು ಅಂಗುಲ. ಆರು ಟ್ರಿಪ್ಪಿಗೆ ಕಡಿಮೆ ಇಲ್ಲ. ಹೇಳಿದ್ದು ಎರಡು. ನನ್ನ ಗುಟ್ಟಿನದು ಒಂದು. ಉಳಿದದ್ದು ಮೂರು. ಮನೆಯಲ್ಲಿ ನನ್ನ ಬಿಟ್ಟರೆ ಇದ್ದವರು ಮೂವರು. ಇಷ್ಟು ಸುಲಭದ ಭಾಗಾಕಾರವನ್ನು ನಾನು ಯಾವ ಪರೀಕ್ಷೆಯಲ್ಲೂ ಕೊಟ್ಟಿಲ್ಲ. ಆದರೆ ಉತ್ತರ ಹೇಳಬೇಕೆಂದರೆ ಮೊದಲು ನನ್ನದನ್ನು ಹೇಳಬೇಕಿತ್ತು.

ಊಟಕ್ಕೆ ಕೂತಾಗ ಕಾಕಾ ಮೀಸೆಯಲ್ಲೇ ನಗುತ್ತಿದ್ದರು. "ನೋಡವಾ, ಎರಡ ಟ್ರಿಪ್ಪಿಗೆ ಹೆಂಗ ತುಂಬಿ ನಿಂತೈತಿ! ನಿನ್ನ ಲೆಕ್ಕನ ಬರೋಬ್ಬರಿ."

"ಅಲ್ಲೇನು ಮತ್ತ" ಎಂದರು ಅಪ್ಪ, ತಟ್ಟೆಯಿಂದ ಕಣ್ಣೆತ್ತದೆ.

ನಾನು ರೊಟ್ಟಿಯನ್ನು ನೋಡುತ್ತಾ ಹೇಳಿದೆ: "ನಾ ಒಂದು ಟ್ರಿಪ್ ಹೆಚ್ಚಿಗಿ ಹೇಳಿದ್ದೆ. ಮಸ್ಕಿಯಿಂದ ಫೋನ್ ಮಾಡಿ."

ಅಪ್ಪನ ಕೈ ಪಲ್ಯದಲ್ಲಿ ನಿಂತಿತು. ಕಾಕಾಗೆ ನೆತ್ತಿಗೇರಿತು. ಕೆಮ್ಮಿ ಸುಧಾರಿಸಿಕೊಂಡು, "ಹುಡುಗಿ ಮರ್ಯಾದಿ ಹೋಗಬಾರದು ಅಂತ ನಾನೂ ಒಂದು ಹೇಳಿದ್ದೆ" ಎಂದರು.

"ಲೇ, ನೀನೂನಾ?" ಎಂದರು ಅಪ್ಪ.

"ನಾನೂನಾ ಅಂದ್ರ? ಅಂದ್ರ ನೀನೂ ಹೇಳೀದಿ!"

ಅಪ್ಪ ನನ್ನ ಕಡೆ ನೋಡಲಿಲ್ಲ. "ಲೆಕ್ಕ ಸರಿ ಇತ್ತು. ಈ ನೆಲದ ಮ್ಯಾಲ ನನಗ ಭರೋಸ ಇರಲಿಲ್ಲ, ಅಷ್ಟ."

ಮೂವರೂ ಅಜ್ಜಿಯ ಕಡೆ ತಿರುಗಿದೆವು.

"ನನ್ನ ಯಾಕ ನೋಡ್ತೀರಿ? ನಾ ಕೊಸರು ಕೇಳಿದ್ದೆ, ಎರಡು ಪುಟ್ಟಿ. ಅಂವ ಪೂರಾ ಟ್ರಿಪ್ ತಂದು ಸುರುವಿದ. ಬ್ಯಾಡ ಅನ್ನಾಕ ನನಗೇನು ಹುಚ್ಚಾ?"

ಕಾಕಾ ಬಿದ್ದು ಬಿದ್ದು ನಕ್ಕರು. ಅಪ್ಪ ತಡೆದು ತಡೆದು ಕೊನೆಗೆ ನಕ್ಕರು. ನನಗೂ ನಗು ಬಂತು. ಅಷ್ಟರಲ್ಲಿ ಅಜ್ಜಿ ಕೇಳಿದಳು: "ಆತು, ನಕ್ಕಿದ್ದು ಮುಗೀತಿಲ್ಲ? ನಾಳಿ ನಾ ಪತ್ರಿಗೆ ಹೆಂಗ ಹೋಗ್ಲಿ?"

ಖಡಿ ತೆಗೆಸಬೇಕೆಂದರೆ ಆಳು ಬೇಕು. ಕಾಲುವೆಗೆ ನೀರು ಬಿಟ್ಟಿದ್ದರು, ಇವತ್ತಿನ ಇಬ್ಬರೂ ಸೇರಿ ಆಳುಗಳೆಲ್ಲ ನಾಳೆಯಿಂದ ನಾಟಿಗೆ ಹೋಗುವವರೇ. "ನಾಟಿ ಮುಗೀಲಿ ಯವ್ವಾ, ನೋಡೋಣು" ಎಂದರು ಅಪ್ಪ. ನಾಟಿ ಮುಗಿಯಲು ತಿಂಗಳು ಬೇಕು. ನೋಡೋಣ ಎಂಬುದಕ್ಕೆ ಎಷ್ಟು ಬೇಕೋ ಯಾರಿಗೂ ಗೊತ್ತಿಲ್ಲ. ಅಜ್ಜಿ ಕೈ ತೊಳೆದುಕೊಂಡು ಎದ್ದಳು.

ಮರುದಿನ ಐದಕ್ಕೆ ಎದ್ದು, ಅವ್ವನ ಹಳೆಯ ಸೀರೆಯನ್ನು ನಡುವಿಗೆ ಸುತ್ತಿಕೊಂಡು, ಸಲಿಕೆ ಪುಟ್ಟಿ ಹಿಡಿದು ಅಂಗಳಕ್ಕಿಳಿದೆ. ಇಡೀ ಅಂಗಳ ನನ್ನಿಂದ ಆಗುವ ಮಾತಲ್ಲ. ಮೆಟ್ಟಿಲಿನಿಂದ ಗಿಡದವರೆಗೆ ಎರಡೂವರೆ ಅಡಿ ಅಗಲದ ದಾರಿ ಮಾತ್ರ ಹಿಡಿದೆ. ಮೇಲಿನ ಖಡಿ ಬಾಚಿ ಪಕ್ಕಕ್ಕೆ ಸುರಿದೆ, ಕೆಳಗೆ ಎರಡು ಅಂಗುಲ ಉಳಿಸಿ ಕಾಲಿನಿಂದ ತುಳಿದು ಗಟ್ಟಿ ಮಾಡಿದೆ. ನಲವತ್ತು ಪುಟ್ಟಿಯ ತನಕ ಎಣಿಸಿದೆ, ಆಮೇಲೆ ಎಣಿಸುವುದನ್ನು ಬಿಟ್ಟೆ. ಅಂಗೈಯಲ್ಲಿ ಎರಡು ಗುಳ್ಳೆ ಎದ್ದವು. ಲಿಂಗಸುಗೂರಿನ ಬಸ್ಸು ಹೋಯಿತು. ಕಾಲೇಜಿಗೆ ಅರ್ಧ ದಿನದ ರಜೆ ಹೇಳಿದೆ.

ಅಜ್ಜಿ ಸ್ನಾನ ಮುಗಿಸಿ ಬಾಗಿಲಿಗೆ ಬಂದಳು. ದಾರಿ ನೋಡಿದಳು, ನನ್ನನ್ನು ನೋಡಿದಳು. ಮೆಟ್ಟಿಲಿಳಿದು ಕಾಲೂರಿ ಪರೀಕ್ಷಿಸಿದಳು. ಕೈ ಹಿಡಿಯಲು ಹೋಗಬೇಕೆನಿಸಿತು. ಹೋಗದೆ ಬೆನ್ನು ತಿರುಗಿಸಿ ನಿಂತು, ಬಾಚುವ ಕೆಲಸ ಇನ್ನೂ ಉಳಿದಿದೆ ಎಂಬಂತೆ ಗೋಡೆಯ ಕಡೆಯ ಖಡಿಯನ್ನು ಸಲಿಕೆಯಿಂದ ಎಳೆಯುತ್ತಿದ್ದೆ, ಅವಳು ಗಿಡ ಮುಟ್ಟಿ ಎಲೆ ಹರಿಯುವ ಸಪ್ಪಳ ಕೇಳುವವರೆಗೆ.