ಕಿವಿಯಿಂದ ಚಿತ್ರ ಹುಡುಕುವ ಫಕ್ಕೀರಪ್ಪ

ಫಕ್ಕೀರಪ್ಪ ಟಿವಿ ರಿಪೇರಿ ಮಾಡುವಾಗ ಟಿವಿಯ ಕಡೆ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಪೆಟ್ಟಿಗೆಗೆ ಎಡಗಿವಿ ಹಚ್ಚಿ, ಬಲಗೈಯಿಂದ ಚಾನೆಲ್ ಹುಡುಕುವ ಸಣ್ಣ ತಿರುಪನ್ನು ತಿರುವುತ್ತಿದ್ದರು. ಚಾನೆಲ್ ಸಿಗದಿದ್ದಾಗ ಹಳೆಯ ಟಿವಿಗಳು ಒಂದೇ ಸಮನೆ ಸುಯ್ಯೆಂದು ಸದ್ದು ಮಾಡುತ್ತಿದ್ದವಲ್ಲ, ಅದನ್ನು ಕೇಳುತ್ತ ಕೂಡುತ್ತಿದ್ದರು. “ಸಪ್ಪಳ ನಿಂತಲ್ಲೆ ಚಿತ್ರ ಐತ್ರಿ. ಮೊದಲ ಕಿವಿಗೆ ಬರ್ತೈತಿ, ಆಮ್ಯಾಲೆ ಕಣ್ಣಿಗೆ” ಎನ್ನುತ್ತಿದ್ದರು.

ಹಿರೇಕೆರೂರಿನ ಬಸ್‌ಸ್ಟ್ಯಾಂಡ್ ಹಿಂದೆ ಅವರ ಅಂಗಡಿ. ಹೊಟ್ಟೆ ತೆರೆದ ರೇಡಿಯೊಗಳ ನಡುವೆ ಅವರು ಕೂಡುವಷ್ಟೇ ಜಾಗ. ಗಿರಾಕಿ ಬಂದು ಏನು ಕೆಟ್ಟಿದೆ ಎಂದು ಹೇಳಲು ಬಾಯಿ ತೆರೆದರೆ, “ನೀವು ಸುಮ್ಕ ಕುಂದರ್ರಿ, ಅದ ಹೇಳಲಿ” ಎಂದು ಪೆಟ್ಟಿಗೆಯ ಕಡೆ ಬೆರಳು ತೋರಿಸುತ್ತಿದ್ದರು. ಎಷ್ಟೋ ಮಂದಿಗೆ ಸಿಟ್ಟು ಬರುತ್ತಿತ್ತು. ಆದರೂ ಮತ್ತೆ ಅಲ್ಲಿಗೇ ಬರುತ್ತಿದ್ದರು.

ನಾನು ಹತ್ತಿಮತ್ತೂರಿನವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಅವ್ವ ನನ್ನ ಮಾರ್ಕ್ಸ್‌ಕಾರ್ಡನ್ನು ದೇವರ ಜಗಲಿಯ ಮೇಲಿಟ್ಟಿದ್ದಳು. ಅದರ ಮೂಲೆಗೆ ಹತ್ತಿದ ಕುಂಕುಮ ಇವತ್ತಿಗೂ ಹೋಗಿಲ್ಲ. ಅದನ್ನೇ ಹಿಡಿದುಕೊಂಡು ಚಿಕ್ಕೇರೂರಿನ ಹೈಸ್ಕೂಲಿಗೆ ಗಣಿತದ ಶಿಕ್ಷಕಿಯ ಕೆಲಸ ಕೇಳಲು ಹೋದೆ. ಮುಂಬೈಯಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬರು ತಾವು ಮನೆಯಲ್ಲಿ ಬಳಸಿದ ಕಂಪ್ಯೂಟರನ್ನು ಆಗಷ್ಟೇ ಶಾಲೆಗೆ ಕೊಟ್ಟಿದ್ದರು. ಆಡಳಿತ ಮಂಡಳಿಯ ಅಧ್ಯಕ್ಷರು ಕೇಳಿದ್ದು ಒಂದೇ ಪ್ರಶ್ನೆ: “ಕಂಪ್ಯೂಟರ್ ಬರ್ತೈತೇನವಾ?”

“ಬರ್ತೈತ್ರಿ” ಎಂದೆ.

ಸುಳ್ಳು. ಕಂಪ್ಯೂಟರನ್ನು ನಾನು ನೋಡಿದ್ದು ಪುಸ್ತಕದಲ್ಲಿ ಮಾತ್ರ. ಒಂದು ವರ್ಷದ ಮಟ್ಟಿಗೆ ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು. ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ ದಿನ ಊರವರ ಮುಂದೆ ಅದನ್ನು ನಡೆಸಿ ತೋರಿಸಿದರೆ ಕಾಯಂ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದರು.

ಪೆಟ್ಟಿಗೆ ತೆರೆದರೆ ಕೀಲಿಮಣೆಯಂಥ ಒಂದೇ ಹಲಗೆ. ಅದೇ ಕಂಪ್ಯೂಟರ್, ಪರದೆಗೆ ಟಿವಿ ಜೋಡಿಸಬೇಕು. ಶಾಲೆಯಲ್ಲಿ ಟಿವಿ ಇರಲಿಲ್ಲ, ಹಾಗಾಗಿ ಅದು ವರ್ಷವಿಡೀ ಬೀರುವಿನಲ್ಲೇ ಉಳಿಯಿತು. ಗ್ಯಾದರಿಂಗಿನ ಹಿಂದಿನ ದಿನ ಅಧ್ಯಕ್ಷರ ಮನೆಯ ಟಿವಿ ಕೌದಿಯಲ್ಲಿ ಸುತ್ತಿಕೊಂಡು ಚಕ್ಕಡಿಯಲ್ಲಿ ಬಂತು. ವೈರ್ ಚುಚ್ಚಿದೆವು. ಪರದೆಯ ತುಂಬ ಬಿಳಿ ಚುಕ್ಕಿ, ಕಿವಿ ತುಂಬ ಸುಯ್ ಸದ್ದು.

“ಆಂಟೆನಾ ಇಲ್ದ ಹೆಂಗ ಬರ್ತೈತ್ರಿ?” ಎಂದರು ಹೆಡ್‌ಮಾಸ್ತರರು. ಚಿತ್ರ ಮೇಲಿನಿಂದ ಬರುತ್ತದೆ ಎಂಬುದೊಂದೇ ನಮಗೆಲ್ಲ ಗೊತ್ತಿದ್ದದ್ದು. ಆಂಟೆನಾ ತರಿಸಿ, ಅದರ ವೈರನ್ನು ಕಂಪ್ಯೂಟರಿನ ವೈರಿಗೆ ಹೆಣೆದು, ಶಾಲೆಯ ಸಿಪಾಯಿ ಹನುಮಂತಪ್ಪನನ್ನು ಮಾಳಿಗೆ ಹತ್ತಿಸಿದರು.

“ಬಂತೇನ್ರಿ?”

“ಇಲ್ಲೋ, ಇನ್ನೊಂದೀಟು ಹಾವೇರಿ ಕಡೆ ತಿರುವು.”

ಕಂಪ್ಯೂಟರ್ ಬಲ್ಲವಳಾದ ನಾನೂ ಅಂಗಳದಲ್ಲಿ ನಿಂತು, “ಎಡಕ್ಕ, ಎಡಕ್ಕ” ಎಂದು ಕೂಗಿದೆ.

ಮಧ್ಯಾಹ್ನದ ಬಸ್ಸಿಗೆ ಕರೆಸಿದ ಫಕ್ಕೀರಪ್ಪ ಕೈಚೀಲ ಹಿಡಿದು ಬಂದು ಸ್ವಲ್ಪ ಹೊತ್ತು ಈ ಆಟ ನೋಡಿದರು. “ಮೊದಲ ಆ ಮನಿಷ್ಯಾನ್ನ ಇಳಸ್ರಿ. ಚಿತ್ರ ಟೇಬಲ್ ಮ್ಯಾಲೆ ಕುಂತೈತಿ, ನೀವು ಮುಗಿಲಿನ್ಯಾಗ ಹುಡಕಾಕತ್ತೀರಿ” ಎಂದರು. ಹೆಣೆದ ವೈರ್ ಬಿಡಿಸಿ, ಆಂಟೆನಾದ್ದನ್ನು ಕಿತ್ತೆಸೆದು, ಟಿವಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದರು. ತಿರುಪು ಕೂದಲೆಳೆಯಷ್ಟು ತಿರುಗುತ್ತಿತ್ತು. ಒಮ್ಮೆಗೇ ಸದ್ದು ನಿಂತಿತು. ಎರಡು ಸಾಲು ಇಂಗ್ಲಿಷ್ ಅಕ್ಷರ, ಕೆಳಗೆ ಮಿನುಗುವ ಒಂದು ಚೌಕ.

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕೈ ಹಲಗೆಯ ಮೇಲಿತ್ತು, ಒಂದು ಬೆರಳೂ ಅಲುಗಲಿಲ್ಲ. ಫಕ್ಕೀರಪ್ಪ ಆ ಬೆರಳುಗಳನ್ನು ನೋಡಿದರು.

“ಪಡದಾ ಇನ್ನಾ ನಿಂತಿಲ್ರಿ. ಇಷ್ಟ ಮಂದಿ ಉಸಿರಿಗೆ ಬಿಸಿ ಆಕ್ಕೈತಿ. ಒಂದ ತಾಸು ಎಲ್ಲಾರೂ ಹೊರಗ ನಡೀರಿ. ಅಕ್ಕಾರ ಒಬ್ರ ಇರ್ಲಿ.”

ಎಲ್ಲರೂ ಹೋದ ಮೇಲೆ ಬಾಗಿಲು ತೆರೆದೇ ಇಟ್ಟು, ಹೊಸ್ತಿಲ ಮೇಲೆ ನನಗೆ ಬೆನ್ನು ಮಾಡಿ ಕೂತರು. ಒಳಗೆ ಬರಲು ನೋಡಿದ ಹೆಡ್‌ಮಾಸ್ತರರನ್ನು ಎರಡು ಸಲ ವಾಪಸ್ ಕಳಿಸಿದರು. ಒಮ್ಮೆಯೂ ತಿರುಗಿ ನೋಡಲಿಲ್ಲ. ನಾನು ಕಂಪ್ಯೂಟರಿನ ಜೊತೆ ಬಂದಿದ್ದ ಪುಸ್ತಕ ತೆರೆದು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ತಾಸಿನ ಕೊನೆಗೆ ಹೇಳಿದ ಹೆಸರನ್ನು ಪರದೆಯ ತುಂಬ ಬರೆಯುವುದು ಅದಕ್ಕೆ ಬಂತು. ಅಂದರೆ ನನಗೆ ಬಂತು.

“ನಿಮ್ಮ ಹೆಸರ ಹಾಕ್ತೇನ್ರಿ” ಎಂದೆ.

“ನಂದ್ಯಾಕ್ರಿ? ಅಧ್ಯಕ್ಷರದ ಹಾಕ್ರಿ. ನೌಕರಿ ಅವರ ಕೈಯಾಗೈತಿ” ಎಂದರು, ಮುಖ ತಿರುಗಿಸದೆ.

ಮರುದಿನ ಅಧ್ಯಕ್ಷರು ತಮ್ಮ ಹೆಸರು ಮೇಲಿನಿಂದ ಕೆಳಗಿನವರೆಗೂ ಬಂದದ್ದನ್ನು ಎದ್ದು ನಿಂತು ಓದಿದರು. ನನ್ನ ಕೆಲಸ ಕಾಯಂ ಆಯಿತು. ಫಕ್ಕೀರಪ್ಪ ಆಮೇಲೆ ಎಷ್ಟು ಸಲ ಸಿಕ್ಕರೂ ಆ ತಾಸಿನ ಮಾತು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ಅವರು ನಿಜವಾಗಿಯೂ ಪರದೆಯ ಸಲುವಾಗಿಯೇ ಮಂದಿಯನ್ನು ಹೊರಗೆ ಕಳಿಸಿರಬೇಕು ಎಂದು ನಂಬಲು ನನಗೂ ಅನುಕೂಲವಾಗಿತ್ತು.

ನಿವೃತ್ತಿಯಾಗಿ ಹಾನಗಲ್ಲಿಗೆ ಬಂದೆ. ಹೋದ ವರ್ಷ ಶಾಲೆಯವರು ಹಳೆಯ ಸಾಮಾನು ಹೊರಹಾಕುವಾಗ ಫೋನ್ ಮಾಡಿ, ಆ ಹಲಗೆಯನ್ನು ನನಗೇ ಕೊಟ್ಟರು. ಮನೆಯ ಗೋಡೆಯ ಟಿವಿಗೆ ಹಚ್ಚಿದರೆ ‘ಸಿಗ್ನಲ್ ಇಲ್ಲ’ ಎಂದು ನೀಲಿಯಾಗಿ ಕೂತಿತು. ಸುಯ್ ಎನ್ನುವ ಸದ್ದೂ ಇಲ್ಲ, ಎಲ್ಲಿ ಹುಡುಕುವುದು? ಚೀಲದಲ್ಲಿ ಹಾಕಿಕೊಂಡು ಹಿರೇಕೆರೂರಿಗೆ ಹೋದೆ.

ಅಂಗಡಿ ಮುಚ್ಚಿತ್ತು. ಮನೆಯಲ್ಲಿ ಫಕ್ಕೀರಪ್ಪ ಇದ್ದರು. ಅವರ ಸೊಸೆ, “ಈಗ ಏನೂ ಕೇಳಂಗಿಲ್ರಿ ಅವರಿಗೆ, ಗುಡುಗಿದ್ರೂ ಇಲ್ಲ” ಎಂದರು. ಚೀಲದಿಂದ ಹಲಗೆ ತೆಗೆದದ್ದೇ ತಡ, ಮುದುಕರು ಎದ್ದು ಮೂಲೆಯ ಹಳೆಯ ಟಿವಿಯ ಮೇಲಿನ ಬಟ್ಟೆ ಸರಿಸಿದರು. ವೈರ್ ಚುಚ್ಚಿ, ಪೆಟ್ಟಿಗೆಗೆ ಎಡಗಿವಿ ಹಚ್ಚಿ ಕಣ್ಣು ಮುಚ್ಚಿದರು. ಆಮೇಲೆ ನನ್ನ ಕೈ ಹಿಡಿದು ತಮ್ಮ ಭುಜದ ಮೇಲಿಟ್ಟುಕೊಂಡರು.

“ಸಪ್ಪಳ ನಿಂತ ಕೂಡ್ಲೆ ಒತ್ರಿ.”

ಕಣ್ಣು ತೆರೆದು ಪರದೆ ನೋಡಿದ್ದರೂ ಆಗುತ್ತಿತ್ತು. ಸದ್ದು ನಿಂತಿತು, ಭುಜ ಒತ್ತಿದೆ. ತಿರುಪು ಅಲ್ಲಿಯೇ ನಿಂತಿತು. ಅವರು ಕಣ್ಣು ತೆರೆದು, ಮಿನುಗುವ ಚೌಕವನ್ನು ನೋಡಿ, ನನ್ನ ಕಡೆ ತಿರುಗಿದರು.

“ಈಗರೆ ಕಂಪ್ಯೂಟರ್ ಬರ್ತೈತೇನ್ರಿ, ಅಕ್ಕಾರ?”

ಬಾಯಿಂದ ಹೇಳಿದರೆ ಅವರಿಗೆ ಕೇಳುತ್ತಿರಲಿಲ್ಲ. ಪುಸ್ತಕ ನೋಡದೆ ಹಲಗೆಯ ಕೀಲಿಗಳನ್ನು ಒತ್ತಿದೆ. ಪರದೆಯ ತುಂಬ ಅವರದೇ ಹೆಸರು ಇಳಿಯಿತು. ಟಿವಿಯ ಒಳಗಿನ ಬಿಡಿಭಾಗಗಳ ಮೇಲಿನ ಅಕ್ಷರ ಓದಿ ಓದಿ ಇಂಗ್ಲಿಷ್ ಕಲಿತವರು ಅವರು. ಮೊದಲ ಸಾಲನ್ನು ಬೆರಳಿಟ್ಟು ಓದಿದರು, ಎರಡನೆಯದನ್ನೂ ಓದಿದರು.

“ಸಾಕ್ರಿ, ಬಂದ್ ಮಾಡ್ರಿ. ಪಡದಾ ಬಿಸಿ ಆಕ್ಕೈತಿ” ಎಂದರು. ಆದರೆ ಸ್ವಿಚ್ಚಿನ ಕಡೆ ಹೋದ ನನ್ನ ಕೈಯನ್ನು ತಾವೇ ಹಿಡಿದು ನಿಲ್ಲಿಸಿದರು.

ಈ ಸಲದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಆ ಟಿವಿಯನ್ನು ಅವರ ಸೊಸೆ ನನಗೆ ಕೊಟ್ಟಿದ್ದಾರೆ. ತಿರುಪು ಅಂದು ನಿಂತಲ್ಲಿಯೇ ಇದೆ, ಮುಟ್ಟಿಲ್ಲ.