ಗಾಜಿನ ಮಾವನ ಮಿದುಳಿನ ಚೂರು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಬಣ್ಣದಕ್ಕ ಎನ್ನುತ್ತಿದ್ದರು. ಮಿದುಳನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿಗೆ ಅಂಟಿಸಿ, ಬಣ್ಣ ಹಾಕುವುದು ಅವಳ ಕೆಲಸ. ಅಲ್ಲಿ ಸೀಸೆ ತೊಳೆಯುತ್ತಿದ್ದ, ಎಲ್ಲರೂ ಗಾಜಿನ ಮಾವ ಎಂದು ಕರೆಯುತ್ತಿದ್ದ ಮುದುಕರು, ಸತ್ತ ಮೇಲೆ ತಮ್ಮ ಮಿದುಳೂ ಅಲ್ಲಿಗೇ ಸೇರಲಿ ಎಂದು ಬರೆದುಕೊಟ್ಟಿದ್ದರು. "ನಂದನ್ನ ನೀನೇ ಕೊಯ್ಬೇಕು ಮಗಳೇ. ಒಳಗೇನೂ ಇಲ್ಲ ಅಂತಾಳೆ ನಿಮ್ಮತ್ತೆ. ಇತ್ಯರ್ಥ ಆಗಿಬಿಡ್ಲಿ" ಎಂದು ನಗುತ್ತಿದ್ದರು.

ಮರೆವಿನ ಕಾಯಿಲೆ ಹತ್ತಿ ಮಾವ ತೀರಿಕೊಂಡರು. ಅದಕ್ಕೆ ಮುಂಚೆ ಒಂದು ಸಂಜೆ ಹೆಂಡತಿಯನ್ನು ದುರುಗುಟ್ಟಿ ನೋಡಿ, "ಹೋಗಾಚೆ" ಎಂದು ಬಾಗಿಲಿನಿಂದ ಹೊರಗೆ ತಳ್ಳಿದ್ದರು. ಅತ್ತೆಗೆ ಉಳಿದದ್ದು ಒಂದೇ ಪ್ರಶ್ನೆ: ತಳ್ಳಿದ್ದು ಕಾಯಿಲೆಯೋ, ಗಂಡನೋ?

ಮಿದುಳಿನಲ್ಲಿ ಕಾವಲು ಕೋಶಗಳಿವೆ. ಕೆಟ್ಟದ್ದನ್ನು ತಿಂದು ಚೊಕ್ಕ ಮಾಡುತ್ತವೆ. ನರಕೋಶದ ಮೈಮೇಲೆ ಒಂದು ಬಗೆಯ ಸಕ್ಕರೆಯ ಅಣುಗಳಿರುತ್ತವೆ. ಕಾವಲು ಕೋಶ ಅವನ್ನು ಮುಟ್ಟಿ, ನಮ್ಮದೇ ಎಂದು ತಿಳಿದು ಸುಮ್ಮನಾಗುತ್ತದೆ. ಆ ಸಕ್ಕರೆ ಉದುರಿದರೆ ಬದುಕಿರುವ ನರಕೋಶವನ್ನೂ ತಿಂದುಬಿಡಬಹುದು. ಆ ಸಕ್ಕರೆಯನ್ನು ಹಸಿರಾಗಿ ಹೊಳೆಯಿಸುವ ಬಣ್ಣ ಅವಳ ಕೈಯಲ್ಲಿತ್ತು.

ಮಾವನ ಚೂರಿನ ಮೇಲೆ ಬಗ್ಗಿದಾಗ ಬೆನ್ನ ಹಿಂದೆ ಯಾರೋ ನಿಂತಂತಾಯಿತು. ತಿರುಗಿದರೆ ತೊಳೆದಿಟ್ಟ ಸೀಸೆಗಳ ಸಾಲು, ಅಷ್ಟೇ. ಚೂರಿನಲ್ಲಿ ಹಸಿರು ಎಲ್ಲೂ ಇರಲಿಲ್ಲ. ಅವಳು ತಡೆಯಲಾರದೆ ಫೋನ್ ಮಾಡಿದಳು. "ಕಾಯಿಲೇನೇ ಅತ್ತೆ. ಒಳಗೆ ಗುರುತೇ ಅಳಿಸಿಹೋಗಿತ್ತು." ಅತ್ತೆ ಬಿಕ್ಕಿದ್ದು ಕೇಳಿಸಿತು.

ಗಾಜನ್ನು ಎತ್ತಿಡುವಾಗ ಅದರ ಮೂಲೆಯಲ್ಲಿ, ಪರೀಕ್ಷೆಯ ಚೂರಿಗೆಂದು ತಾನೇ ಹಾಕಿದ್ದ ಗೀಟು ಕಂಡಿತು. ಬಣ್ಣ ಸುಳ್ಳು ಹೇಳುತ್ತಿಲ್ಲ ಎಂದು ಪರೀಕ್ಷಿಸಲು, ಅದೇ ಮಿದುಳಿನ ಇನ್ನೊಂದು ಚೂರಿನ ಸಕ್ಕರೆಯನ್ನು ಬೇಕೆಂದೇ ಕಿಣ್ವ ಹಾಕಿ ತೆಗೆದಿರುತ್ತಾರೆ. ಅವಳು ನೋಡಿದ್ದು ಅದನ್ನು. ಅಳಿಸಿದವಳು ಅವಳೇ. ಸರಿಯಾದ ಚೂರನ್ನು ಇಟ್ಟು ನೋಡಿದಳು. ಕತ್ತಲಲ್ಲಿ ಕಣ್ಣುಗಳು ಒಟ್ಟಿಗೆ ತೆರೆದ ಹಾಗೆ ಹಸಿರು ಮಿನುಗಿತು.

ಅವಳು ಹೋದಾಗ ಅತ್ತೆಯ ಮನೆ ಬಾಗಿಲು ಓರೆಯಾಗಿತ್ತು. "ಇನ್ಮೇಲೆ ಚಿಲಕ ಹಾಕಲ್ಲ ಕಣೇ. ರಾತ್ರಿ ಬಾಗಿಲಾಚೆ ಅವರು ಬಂದು ನಿಂತ ಹಾಗಾಗುತ್ತೆ. ಪಾಪ, ಬಂದ್ರೆ ಬರ್ಲಿ. ಅವತ್ತು ಅವರು ಅವರಾಗಿರ್ಲಿಲ್ವಲ್ಲ."

"ನಾನೇ ಗುರುತು ಅಳಿಸಿಟ್ಟಿದ್ದ ಚೂರು ನೋಡಿಬಿಟ್ಟಿದ್ದೆ ಅತ್ತೆ. ಸರಿಯಾದ ಚೂರಲ್ಲಿ ಆ ಗುರುತಿನ ಸಕ್ಕರೆ ಹಾಗೇ ಇದೆ."

"ಅಂದ್ರೆ ನಾನು ಯಾರಂತ ಗೊತ್ತಿದ್ದೇ ತಳ್ಳಿದ್ರಾ?"

"ಅದು ಗೊತ್ತಾಗಲ್ಲ. ನಾ ನೋಡಿದ್ದು ಉಗುರಷ್ಟು ಜಾಗ. ಮೊದಲೂ ನಾನು ಹಾಗೆ ಹೇಳಬಾರದಿತ್ತು."

ಅತ್ತೆ ಎದ್ದು ಚಿಲಕ ಹಾಕಿದರು. ಕೈ ತೆಗೆಯಲಿಲ್ಲ. ಬಾಗಿಲಿಗೆ ಕಿವಿಯಿಟ್ಟು ಮೆಲ್ಲಗೆ ಕೇಳಿದರು: "ರೀ... ನೀವೇನಾ?"